ಕಟ್ಟೆಗೆ ಏನೂ ಆಗಿಲ್ಲ

ಮಣ್ಣಿನ ಕಟ್ಟೆಯ ಬುಡದಲ್ಲಿ ಅಂಗೈಯಗಲದ ತೇವ ಕಂಡಾಗ ಕಾವಲುಗಾರನಿಗೆ ಮೊದಲು ಭಯವಾಯಿತು, ಆಮೇಲೆ ಒಳಗೊಳಗೇ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು. ಕೆಳಗಿನ ಬೀದಿಗೆ ನೆರೆ ನುಗ್ಗದಂತೆ ಮಳೆನೀರನ್ನು ತಡೆದು ನಿಲ್ಲಿಸುವ ಕಟ್ಟೆ ಅದು. ಅದು ಸೋರಿದರೆ ಹಿಗ್ಗುವ ಕಾವಲುಗಾರನನ್ನು ಯಾರು ತಾನೇ ಮೆಚ್ಚುತ್ತಾರೆ?

ಆದರೆ ಅವನ ಪಾಡೂ ಹಾಗಿತ್ತು. ಕಟ್ಟೆಯ ಮೇಲಿನ ಒಂಟಿ ಕೋಣೆಯಲ್ಲಿ ವಾಸ. ಹಿಂದೆ ಮುಂದೆ ಯಾರೂ ಇಲ್ಲ. ಬೆಳಗ್ಗೆ ಕಟ್ಟೆಯ ಉದ್ದಕ್ಕೂ ನಡೆದು, ನೀರಿನ ಮಟ್ಟ ನೋಡಿ, ಕಚೇರಿಗೆ ಫೋನ್ ಮಾಡುವುದೇ ದಿನದ ಮಾತುಕತೆ. ಅತ್ತ ಒಬ್ಬ ಹೆಂಗಸು "ಹೇಳಿ" ಎನ್ನುತ್ತಿದ್ದಳು. ಇವನು ಹೇಳಿ ಮುಗಿಸಿದ ಮೇಲೆ, "ಆಯ್ತು, ಬರ್ಕೊಂಡೆ. ಹುಷಾರಾಗಿರಿ" ಎಂದು ಇಟ್ಟುಬಿಡುತ್ತಿದ್ದಳು. ಹೆಚ್ಚು ಮಾತಿನವಳಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಆ 'ಹುಷಾರಾಗಿರಿ'ಯನ್ನು ಒಂದು ದಿನವೂ ತಪ್ಪಿಸಿದವಳಲ್ಲ, ಒಂದು ದಿನವೂ ಸಿಡುಕಿದವಳಲ್ಲ. ಲೋಕದಲ್ಲಿ ಅವನಿಗೆ ಆ ಮಾತು ಹೇಳುವವರು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಬರಬರುತ್ತಾ ನೀರಿನ ಮಟ್ಟದ ಜೊತೆಗೆ ಅವನು ತನ್ನ ಕೆಮ್ಮು, ಹಲ್ಲುನೋವು, ರಾತ್ರಿ ಅನ್ನ ಸೀದದ್ದು ಎಲ್ಲವನ್ನೂ ವರದಿ ಮಾಡತೊಡಗಿದ್ದ. ಎಲ್ಲವನ್ನೂ ಅವಳು ಬರೆದುಕೊಂಡಿದ್ದಳು.

"ಕಟ್ಟೆ ಬುಡದಲ್ಲಿ ತೇವ ಕಾಣ್ತಿದೆ ಮೇಡಂ. ಯಾರಾದ್ರೂ ಬಂದು ನೋಡ್ಬೇಕು," ಎಂದ ಈ ದಿನ. ಗಂಟಲು ಸರಿಮಾಡಿಕೊಂಡು ಸೇರಿಸಿದ: "ನೀವೂ ಬನ್ನಿ. ಟೀ ಮಾಡಿರ್ತೀನಿ."

"ಆಯ್ತು, ಬರ್ಕೊಂಡೆ. ಹುಷಾರಾಗಿರಿ."

ಆಯ್ತು ಅಂದಳು! ಅವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಡ್ಡ ಹೆರೆದುಕೊಂಡ. ತಲೆಗೆ ಎರೆದುಕೊಂಡ. ಹೊದಿಕೆ, ದಿಂಬಿನ ಚೀಲ, ಕಿಟಕಿಯ ಪರದೆಗಳನ್ನೆಲ್ಲ ಸೋಪು ಸವೆಯುವವರೆಗೆ ಒಗೆದ. ಆಮೇಲೆ ಮನೆಯಲ್ಲಿ ಒಂದೇ ಕಪ್ಪಿರುವುದು ನೆನಪಾಗಿ ಕೆಳಗಿನ ಬೀದಿಯ ಹಾಲಿನಕ್ಕನ ಮನೆಗೆ ಓಡಿದ.

"ಎರಡನೇ ಕಪ್ಪು ನಿಂಗ್ಯಾಕಣ್ಣಾ? ಯಾರು ಬರ್ತಿದಾರೆ?"

"ಕಚೇರಿಯವರು ಕಣಕ್ಕಾ. ಕಟ್ಟೆ ಬುಡ ಸ್ವಲ್ಪ ಒದ್ದೆಯಾಗಿದೆ, ಅಷ್ಟೆ."

'ಅಷ್ಟೆ' ಎಂಬುದು ಹಾಲಿನಕ್ಕನ ಬಾಗಿಲು ದಾಟಲಿಲ್ಲ. ಇವನು ಕಪ್ಪು ಹಿಡಿದು ಮೇಲೆ ಬರುವಷ್ಟರಲ್ಲಿ ಕಟ್ಟೆ ಬಿರುಕು ಬಿಟ್ಟಿದೆ ಎಂದು ಬೀದಿಯಲ್ಲೆಲ್ಲ ಸುದ್ದಿ. ನಿವೃತ್ತ ಮೇಷ್ಟ್ರು ಬಂದು ಕೊಡೆಯ ತುದಿಯಿಂದ ತೇವವನ್ನು ಚುಚ್ಚಿ ನೋಡಿದರು. ಅದಾಗಲೇ ಮೊರದಗಲವಾಗಿತ್ತು. ಇಷ್ಟು ಜನ ಬರುತ್ತಾರಲ್ಲ ಎಂದು ಕಾವಲುಗಾರ ನೆಲವನ್ನೂ ತೊಳೆದ. ತೇವ ಚಾಪೆಯಗಲವಾಯಿತು.

ಬೀದಿಗೆ ಬೀದಿಯೇ ಗಂಟುಮೂಟೆ ಹೊತ್ತು ಕಟ್ಟೆ ಹತ್ತಿತು.

"ಮೇಷ್ಟ್ರೇ, ಕಟ್ಟೆ ಒಡೆಯುತ್ತೆ ಅಂತ ಕಟ್ಟೆ ಮೇಲೇ ಬಂದು ಕೂತ್ರೆ ಹೇಗೆ?" ಎಂದ ಕಾವಲುಗಾರ.

"ಎತ್ತರದ ಜಾಗ ಇನ್ನೆಲ್ಲಿದೆಯಯ್ಯಾ ಇಲ್ಲಿ?"

ಅದೂ ನಿಜವೇ. ಅವನ ಮಂಚದ ಮೇಲೆ ಯಾರದೋ ಕೂಸು ಮಲಗಿತು. ಯಾರೋ ಅಜ್ಜಿ, "ಊಟ ಆಯ್ತೇನಪ್ಪಾ?" ಎಂದು ಕೇಳಿದಳು. ಆ ಕೋಣೆಯಲ್ಲಿ ಅಂಥ ಪ್ರಶ್ನೆ ಹುಟ್ಟಿದ್ದೇ ಅಂದು ಮೊದಲು. ಅವನಿಗೆ ಕಣ್ಣು ತುಂಬಿತು. ಆದರೆ ಮಲಗಿದ್ದ ಕೂಸನ್ನು ನೋಡುತ್ತಿದ್ದಂತೆ ಖುಷಿ ಇಳಿದು ನಿಜವಾದ ಹೆದರಿಕೆ ಹತ್ತಿಕೊಂಡಿತು. ಮತ್ತೆ ಫೋನ್ ಮಾಡಿದ.

"ಮೇಡಂ, ತೇವ ದೊಡ್ಡದಾಗ್ತಿದೆ. ಮಕ್ಕಳುಮರಿ ಎಲ್ಲ ಇದ್ದಾರೆ. ಬೇಗ ಬನ್ನಿ."

"ಆಯ್ತು, ಬರ್ಕೊಂಡೆ. ಹುಷಾರಾಗಿರಿ."

ಯಾರೂ ಬರಲಿಲ್ಲ. ಕೊನೆಗೆ ಮೇಷ್ಟ್ರು ತಮ್ಮ ಹಳೆಯ ಶಿಷ್ಯನೇ ಆದ ಇಂಜಿನಿಯರ್‌ಗೆ ನೇರವಾಗಿ ಫೋನ್ ಮಾಡಿ ಕಿವಿ ಹಿಂಡಿದರು. ಜೀಪು ಧೂಳೆಬ್ಬಿಸಿಕೊಂಡು ಬಂತು. ಕಾವಲುಗಾರ ಓಡಿಹೋಗಿ ಹಿಂದಿನ ಸೀಟಿನಲ್ಲಿ ಇಣುಕಿದ. ಖಾಲಿ.

ಇಂಜಿನಿಯರ್ ಕುಕ್ಕರುಗಾಲಲ್ಲಿ ಕೂತು ಒದ್ದೆ ಮಣ್ಣನ್ನು ಬೆರಳಲ್ಲಿ ತಿಕ್ಕಿದ. "ಮಣ್ಣು ಕೊಚ್ಕೊಂಡು ಬರ್ತಿಲ್ಲ, ಸದ್ಯ." ಮೂಸಿ ನೋಡಿದ. ಮತ್ತೊಮ್ಮೆ ಮೂಸಿದ. "ಆದ್ರೆ ನೊರೆ ಬರ್ತಿದೆಯಲ್ರೀ! ಕಟ್ಟೆ ಏನು, ಸೋಪು ಹಚ್ಕೊಂಡು ಸ್ನಾನ ಮಾಡುತ್ತಾ?"

ಬಚ್ಚಲ ಹಿಂದೆ ಹೋಗಿ ನೋಡಿದರೆ ಪೈಪು ಒಡೆದಿತ್ತು. ಅದರ ಕೆಳಗೇ ಹೆಗ್ಗಣದ ಬಿಲ. ಕಾವಲುಗಾರ ಮಿಂದದ್ದು, ಒಗೆದದ್ದು, ತೊಳೆದದ್ದೆಲ್ಲ ಬಿಲ ಹಿಡಿದು ಇಳಿದು ಕಟ್ಟೆಯ ಬುಡದಲ್ಲಿ ಹೊರಬಂದಿತ್ತು.

ಜನ ಬಿದ್ದುಬಿದ್ದು ನಕ್ಕರು. ಕಾವಲುಗಾರನೂ ಸೇರಿ ನಕ್ಕ. ನಗು ಮುಗಿಯುವುದರೊಳಗೆ ಗಂಟುಗಳು ಎದ್ದವು, ಕೂಸು ಹೋಯಿತು, ಅಜ್ಜಿ ಹೋದಳು.

"ಇದೇನು ನಗೋ ವಿಷಯ ಅಲ್ಲ," ಎಂದ ಇಂಜಿನಿಯರ್. "ನೀರು ತುಂಬಿದಾಗ ಇದೇ ಬಿಲ ಕಟ್ಟೆನ ನುಂಗಿಬಿಡುತ್ತೆ. ಇವತ್ತೇ ಮಣ್ಣು ತುಂಬಿ, ಬಡಿದು ಗಟ್ಟಿಯಾಗಿ ದಮ್ಮಸ್ ಹಾಕಿ. ಬೆಳಗ್ಗೆನೇ ಯಾಕೆ ತಿಳಿಸಲಿಲ್ಲ?"

"ತಿಳಿಸಿದೆ ಸಾರ್, ಎರಡೆರಡು ಸಲ. ಮೇಡಂ ಬರ್ಕೊಂಡ್ರು."

"ಯಾವ ಮೇಡಂ?"

"ಫೋನ್ ಎತ್ತೋ ಮೇಡಂ. ಅವರು... ಬರಲಿಲ್ವಾ?"

ಇಂಜಿನಿಯರ್‌ನ ಮುಖ ಸಪ್ಪಗಾಯಿತು. "ಅದು ಮಿಷನ್ನು ಕಣ್ರೀ. ಯಾವ ಕಾಲದಲ್ಲೋ ರೆಕಾರ್ಡ್ ಮಾಡಿಟ್ಟ ದನಿ."

"ಮತ್ತೆ ನಾನು ಹೇಳಿದ್ದನ್ನೆಲ್ಲ ಯಾರು ಕೇಳ್ತಿದ್ರು ಸಾರ್?"

"ಯಾರೋ ಒಬ್ರು ಕೇಳ್ತಿರಬೇಕು ಅಂತ ನಾವೆಲ್ಲ ಅಂದ್ಕೊಂಡಿದ್ವಿ," ಎಂದ ಇಂಜಿನಿಯರ್, ಮೇಷ್ಟ್ರ ಕಣ್ಣು ತಪ್ಪಿಸುತ್ತಾ. ಅಲ್ಲೇ ಕಚೇರಿಗೆ ಫೋನ್ ಮಾಡಿ ಕೂಗಾಡಿದ: "ಈಗಿಂದೀಗ್ಲೇ ಅದನ್ನ ಕಿತ್ತು ಬಿಸಾಡಿ! ಮನುಷ್ಯರು ಕೂತು ಫೋನ್ ಎತ್ಬೇಕು!" ಆಮೇಲೆ ಕಾವಲುಗಾರನ ಬೆನ್ನು ತಟ್ಟಿದ. "ಇನ್ಮೇಲೆ ನಿಮ್ಮ ಮಾತು ಕೇಳೋಕೆ ಜನ ಇರ್ತಾರೆ."

ಬೇಡ ಸಾರ್ ಎಂಬ ಮಾತು ಕಾವಲುಗಾರನ ತುಟಿಯವರೆಗೂ ಬಂತು. ಕೆಳಗಿನ ಬೀದಿಯ ಮನೆಗಳ ಮಾಡುಗಳು ಕಂಡವು. ಮಾತನ್ನು ನುಂಗಿಕೊಂಡ.

"ಮೇಡಂ ಬರಲ್ಲ ತಾನೆ?" ಎಂದು ಹಾಲಿನಕ್ಕ ತನ್ನ ಕಪ್ಪನ್ನೂ ತೆಗೆದುಕೊಂಡು ಹೋದಳು.

ಬಿಲ ಮುಚ್ಚಿ, ದಮ್ಮಸ್ ಹಾಕಿ, ಪೈಪು ಸರಿಮಾಡುವಷ್ಟರಲ್ಲಿ ಸಂಜೆಯಾಯಿತು. ಕೈ ತೊಳೆದುಕೊಂಡು ಫೋನ್ ಮಾಡಿದ.

"ಹ್ಞಾಂ, ಏನು?" ಗಂಡಸಿನ ದನಿ. ಹಿಂದೆ ಯಾರೋ ಹರಟುತ್ತಿದ್ದರು.

"ಬಿಲ ಮುಚ್ಚಿದೆ ಸಾರ್. ತೇವ ಆರ್ತಾ ಇದೆ."

"ಸರಿ. ಇನ್ನೇನು?"

ಹಲ್ಲುನೋವಿನ ಸುದ್ದಿ ಹೇಳಲು ಬಾಯಿ ಬರಲಿಲ್ಲ. "ಸಾರ್... ಹುಷಾರಾಗಿರಿ ಅಂತ ಒಂದ್ಸಲ ಹೇಳ್ತೀರಾ?"

ಅತ್ತಲಿನ ಹರಟೆ ಗಕ್ಕನೆ ನಿಂತಿತು. "ಯಾಕ್ರೀ? ಏನಾಯ್ತು ಕಟ್ಟೆಗೆ?"

"ಕಟ್ಟೆಗೆ ಏನೂ ಆಗಿಲ್ಲ ಸಾರ್," ಎಂದು ಅವನು ಫೋನ್ ಇಟ್ಟ.