ಹಗ್ಗದ ಇನ್ನೊಂದು ತುದಿ

ಮದರಾಸಿನ ಮಾಧವರಂನ ಒಂದು ಕಾಲೊನಿಯಲ್ಲಿ ನೀರಿನ ಪೈಪು ಹಾಕಲೆಂದು ರಸ್ತೆ ಅಗೆದವರು ಪೈಪು ಹಾಕುವುದನ್ನು ಮರೆತು, ಮರಳು ತುಂಬಿ ಮುಚ್ಚುವುದನ್ನು ಮಾತ್ರ ನೆನಪಿಟ್ಟುಕೊಂಡಿದ್ದರು. ಡೇರಿಯಿಂದ ನಾಲ್ಕು ಕ್ಯಾನು ಹಾಲು ಹೇರಿಕೊಂಡು ಬರುತ್ತಿದ್ದ ರಘುರಾಮನ ಜೀಪು ಬೆಳಿಗ್ಗೆ ಒಂಬತ್ತಕ್ಕೆ ಆ ಮರಳಿಗೆ ಮೂತಿಯಿಟ್ಟು, ಹಲಸಿನ ಮೇಣದ ಮೇಲೆ ಕೂತ ನೊಣದ ಹಾಗೆ ಅಲ್ಲೇ ಅಂಟಿಕೊಂಡಿತು.

ಜೀಪು ಅವನದಲ್ಲ, ಅಣ್ಣಾ ನಗರದಲ್ಲಿ ಹೋಟೆಲು ಇಟ್ಟಿದ್ದ ವಿಷ್ಣುಮೂರ್ತಿ ರಾಯರದು. ನಾಲ್ಕೂ ಚಕ್ರ ಎಳೆಯುವ, ಗುಡ್ಡ ಹತ್ತುವ ಜೀಪು. ಇದುವರೆಗೆ ಹತ್ತಿದ್ದು ಹೋಟೆಲಿನೆದುರಿನ ಫುಟ್‌ಪಾತನ್ನು ಮಾತ್ರ. ಹಾಲಿನ ವ್ಯಾನು ಕೆಟ್ಟದ್ದರಿಂದ ಅಂದು ಅದಕ್ಕೂ ಕೆಲಸ ಬಂದಿತ್ತು. ಕೀಲಿ ಕೊಡುವಾಗ ರಾಯರು ಹೇಳಿದ್ದರು: "ಹನ್ನೆರಡರ ಒಳಗೆ, ಒಂದು ಗೀರು ಬೀಳದೆ ಜೀಪು ಬಂದರೆ ನಿನಗೆ ಹತ್ತು ದಿನ ರಜೆ. ಗೀರು ಬಿತ್ತೋ, ತಂಗಿ ಮದುವೆಯನ್ನು ಫೋಟೋದಲ್ಲಿ ನೋಡು."

ರಘುರಾಮ ತನ್ನೂರು ಕುಂದಾಪುರದ ಮುಖ ನೋಡಿ ಮೂರು ವರ್ಷವಾಗಿತ್ತು. ತಂಗಿ ವಿನೋದಾಳ ಮದುವೆ ಗುರುವಾರ. ಅಂದು ಮಂಗಳವಾರ. ರಜೆ ದುಡಿಯುವವನ ಹಕ್ಕು ಎಂದು ಯಾವುದೋ ಕಾನೂನಿನಲ್ಲಿ ಬರೆದಿದೆಯಂತೆ. ಬರೆದವರು ಹೋಟೆಲಿನಲ್ಲಿ ಉಂಡವರೇ ಹೊರತು ಎಲೆ ಎತ್ತಿದವರಲ್ಲ.

"ಎಂತ ಅವಸ್ಥೆ ಮಾರಾಯ್ರೆ ಇದು," ಎಂದು ಗೊಣಗಿದ್ದೇ ತಪ್ಪಾಯಿತು. ಕನ್ನಡ ಕಿವಿಗೆ ಬಿದ್ದ ಕೂಡಲೇ ಎದುರು ಮನೆಯ ವೆಂಕಟೇಶ ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಹೊರಬಂದ. ಮಂಡ್ಯ ಕಡೆಯವನು, ಗಿಂಡಿಯ ಕಾರ್ಖಾನೆಯಲ್ಲಿ ಫ್ಯಾನಿನ ರೆಕ್ಕೆ ಬಗ್ಗಿಸುವ ಇಂಜಿನಿಯರು.

"ನಮ್ಮೋರಾ? ಹಂಗಾರೆ ತಲೆ ಕೆಡಿಸ್ಕಬೇಡಿ. ಈಗ ನೀರಿನ ಲಾರಿ ಬತ್ತದೆ. ಹಿಂದ್ಗಡೆ ಬಂಪರ್‌ಗೆ ಹಗ್ಗ ಕಟ್ಟಿ ಎಳಿಸ್ಬುಡಣ."

"ಬಂಪರು ತಗಡು ಸಾರ್. ಜೀಪು ಇಲ್ಲೇ ಉಳ್ದು ಬಂಪರು ಮಾತ್ರ ಹೋದ್ರೆ?"

"ಸರಿ, ಟ್ರೇಲರ್ ಸಿಕ್ಕಿಸೋ ಆ ಕಬ್ಬಿಣದ ಗುಂಡು ಅದೆಯಲ್ಲ, ಅದ್ಕೆ ಕಟ್ಟಿ."

"ಅದು ಬೇಡವೇ ಬೇಡ. ಘಾಟಿಯಲ್ಲಿ ಅಂಥದ್ದೇ ಗುಂಡು ಮುರ್ದು ಹಾರಿ, ಹಿಂದಿನ ಲಾರಿಯ ಗಾಜು ಒಡ್ದು, ಡ್ರೈವರಿನ ಪಕ್ಕದ ಸೀಟಲ್ಲಿ ಕೂತದ್ದು ನಾನೇ ಕಂಡಿದ್ದೇನೆ."

ಅಷ್ಟರಲ್ಲಿ ಏಳು ಕೊಡಗಳನ್ನು ಸಾಲಾಗಿಟ್ಟು ಲಾರಿಗೆ ಕಾಯುತ್ತಿದ್ದ ಜಯಲಕ್ಷ್ಮಮ್ಮ ಹತ್ತಿರ ಬಂದರು. ಮದರಾಸಿಗೆ ಬಂದು ನಲವತ್ತು ವರ್ಷವಾದವರು. "ಆ ಎರಡು ಚಕ್ರದ ನಡುವೆ ಕಂಬಿ ಇದೆಯಲ್ಲಪ್ಪ, ಅದಕ್ಕೆ ಕಟ್ಟು. ಸೀಕ್ರಂ, ಬೇಗ."

"ಬ್ರೇಕಿನ ಪೈಪು ಅಲ್ಲೇ ಉಂಟಲ್ಲ ಅಮ್ಮ."

"ಒಂದು ಹಗ್ಗ ಕಟ್ಟೋಕೆ ಜಾತಕ ನೋಡ್ತಿದ್ದೀಯಲ್ಲೋ," ಎಂದು ಅವರು ಕೊಡಗಳ ಕಡೆ ತಿರುಗಿದರು.

ರಘುರಾಮ ಬಿಳಿ ಅಂಗಿಯಲ್ಲೇ ಜೀಪಿನ ಕೆಳಗೆ ತೂರಿದ. ಹಿಂದೆ ಕೆಂಪು ಬಣ್ಣ ಬಳಿದ ಎರಡು ಚೆಂದದ ಕೊಕ್ಕೆಗಳಿದ್ದವು. ಅಲ್ಲಾಡಿಸಿದರೆ ಹಾಲುಹಲ್ಲಿನ ಹಾಗೆ ಅಲ್ಲಾಡಿದವು. ಒಳಗೆ, ಚಾಸಿಯ ತುದಿಯಲ್ಲಿ, ಹೆಬ್ಬೆರಳು ದಪ್ಪದ ಎರಡು ಬೋಲ್ಟಿನಲ್ಲಿ ಬಿಗಿದ, ತುಕ್ಕು ಹಿಡಿದ ದಪ್ಪ ಕೊಕ್ಕೆಯೊಂದು ಯಾರ ಕಣ್ಣಿಗೂ ಬೀಳದೆ ಕೂತಿತ್ತು. ನಮ್ಮ ಹೋಟೆಲಿನಲ್ಲೂ ಹೀಗೇ, ಬಣ್ಣದ್ದು ಗಲ್ಲಾದಲ್ಲಿ, ಭಾರ ಹೊರುವುದು ಒಲೆಯ ಮುಂದೆ, ಎಂದುಕೊಂಡು ಜೀಪಿನಲ್ಲಿದ್ದ ಹಗ್ಗವನ್ನು ಅದಕ್ಕೇ ಬಿಗಿದ.

ಹೊರಗೆ ನೀರಿನ ಲಾರಿ ಬಂದಿತ್ತು. ಮೂರು ದಿನಕ್ಕೊಮ್ಮೆ ಬರುವ ಲಾರಿ. ನಲವತ್ತು ಹೆಂಗಸರು ಮೊದಲು ನೀರು ಎಂದರು. ಎರಡೇ ನಿಮಿಷ ಎಂದು ವೆಂಕಟೇಶ ಹಗ್ಗದ ಇನ್ನೊಂದು ತುದಿಯನ್ನು ತಾನೇ ಲಾರಿಗೆ ಕಟ್ಟಿ, "ಪೋಲಾಂ ರೈಟ್" ಎಂದು ಕೈ ಬೀಸಿದ. ರಘುರಾಮ ಹೊರಗೆ ತೆವಳಿ ಸ್ಟೇರಿಂಗು ಹಿಡಿಯುವಷ್ಟರಲ್ಲಿ ಹಗ್ಗ ಬಿಗಿಯಾಯಿತು. ಜೀಪು ಒಮ್ಮೆ ಮೈ ಕೊಡವಿತು. ಟಪ್ಪೆಂದು ಏನೋ ಕಿತ್ತುಬಂತು.

ಜೀಪಿನದಲ್ಲ. ವೆಂಕಟೇಶ ಹಗ್ಗ ಕಟ್ಟಿದ್ದು ಲಾರಿಯ ನೀರು ಬಿಡುವ ನಲ್ಲಿಗೆ.

"ಗಟ್ಟಿಮುಟ್ಟಾಗಿ ಕಾಣ್ತಿತ್ತು ಕಣ್ರೀ," ಎಂದ ವೆಂಕಟೇಶ, ಸೊಂಟದವರೆಗೆ ನೆನೆದು. ನೀರು ಆನೆಯ ಸೊಂಡಿಲಿನಂತೆ ಚಿಮ್ಮುತ್ತಿತ್ತು. ನಲವತ್ತು ಹೆಂಗಸರು ಕೊಡ ಹಿಡಿದು ನುಗ್ಗಿದರು, ಆ ರಭಸಕ್ಕೆ ಒಂದು ಕೊಡವೂ ತುಂಬಲಿಲ್ಲ. ಡ್ರೈವರು ತನ್ನ ಟವೆಲ್ಲನ್ನೂ ಆಮೇಲೆ ಸೀಟಿನ ದಿಂಬನ್ನೂ ತುರುಕಿ ತೂತು ಮುಚ್ಚುವಷ್ಟರಲ್ಲಿ ಲಾರಿಯ ನೀರನ್ನು ಹೆಚ್ಚುಕಡಿಮೆ ಪೂರ್ತಿ ಪೈಪಿಲ್ಲದ ಆ ಹೊಂಡ ಕುಡಿದಿತ್ತು. ವೆಂಕಟೇಶ ಆಫೀಸಿನ ನೆನಪಾಗಿ ಒಳಗೆ ಹೋದವನು ಮತ್ತೆ ಕಾಣಲಿಲ್ಲ.

ಈ ಸಲ ರಘುರಾಮ ಲಾರಿಯ ಕೆಳಗೂ ತೂರಿದ. ಅಲ್ಲೂ ಚಾಸಿಗೆ ಬಿಗಿದ ಕೊಕ್ಕೆಯೊಂದಿತ್ತು. ಎರಡೂ ತುದಿ ಕೈಯಾರೆ ಕಟ್ಟಿ ಎಳೆಸಿದರೆ, ಕೆಸರಿನಿಂದ ಏಳುವ ಎಮ್ಮೆಯಂತೆ ಜೀಪು ನಿಧಾನಕ್ಕೆ ಎದ್ದುಬಂತು. ಸುತ್ತ ನೋಡಿದ. ಒಂದು ಗೀರೂ ಇಲ್ಲ. ಗಂಟೆ ಹನ್ನೊಂದು. ಕುಂದಾಪುರದ ಬಸ್ಸಿನ ಹಾರನ್ನು ಅವನಿಗೆ ಕೇಳಿಸಿದಂತಾಯಿತು.

ಹೊರಡೋಣವೆಂದರೆ ಜೀಪಿನ ಸುತ್ತ ಖಾಲಿ ಕೊಡಗಳ ಕೋಟೆ ಎದ್ದಿತ್ತು.

"ನಮ್ ತಣ್ಣಿ ಎಲ್ಲಪ್ಪ? ಅದು ಕೊಟ್ಟು ಜೀಪು ತಗೊಂಡ್ ಹೋಗು," ಎಂದರು ಜಯಲಕ್ಷ್ಮಮ್ಮ. ಅವನ ಕೈಯಿಂದಲೇ ಹೋಟೆಲಿನ ನಂಬರು ಬರೆಸಿಕೊಂಡು ಮೂಲೆಯ ಬೂತಿನಿಂದ ಫೋನು ಮಾಡಿದರು.

ಮುಕ್ಕಾಲು ಗಂಟೆಯಲ್ಲಿ ರಾಯರು ಆಟೋದಿಂದ ಇಳಿದರು. ಇಳಿದವರು ಹೆಂಗಸರನ್ನು ನೋಡಲಿಲ್ಲ, ಕೆಸರು ಮೆತ್ತಿದ ರಘುರಾಮನನ್ನೂ ನೋಡಲಿಲ್ಲ. ಮಗುವಿನ ಜ್ವರ ನೋಡುವವರಂತೆ ಜೀಪಿನ ಮೈಯೆಲ್ಲ ಸವರಿ, "ಗೀರಿಲ್ಲ," ಎಂದರು. ಆಮೇಲೆ ನಲವತ್ತು ಬಾಯಿಗಳು ಒಟ್ಟಿಗೆ ತೆರೆದುಕೊಂಡವು. ರಾಯರು ಎರಡೂ ಕೈ ಜೋಡಿಸಿ, ಅತಿ ವಿನಯದಿಂದ ನಕ್ಕರು.

"ಕೋಪ ಮಾಡ್ಬೇಡಿ ಅಮ್ಮಂದಿರೇ. ನಾಳೆಯಿಂದ ಹತ್ತು ದಿನ ನಮ್ಮ ಹೋಟೆಲಿನ ಬೋರು ನೀರು ನಿಮ್ಮ ಮನೆಬಾಗಿಲಿಗೆ ಬರ್ತದೆ. ಇದೇ ಜೀಪಿನಲ್ಲಿ. ರಘು ತರ್ತಾನೆ."

"ಧಣಿ, ನನ್ನ ರಜೆ..."

"ಮಾತು ತಪ್ಪುವವನಾ ನಾನು?" ರಾಯರಿಗೆ ನಿಜಕ್ಕೂ ನೋವಾದಂತಿತ್ತು. "ರಜೆ ಕೊಟ್ಟಾಯ್ತಲ್ಲ ಮಾರಾಯ. ಹತ್ತು ದಿನ ನೀನು ಹೋಟೆಲಿನ ಕಡೆ ತಲೆ ಹಾಕುವುದೇ ಬೇಡ. ಹಿತ್ತಲಿನ ಬೋರಿನಿಂದ ತುಂಬ್ಸಿಕೊಂಡು ಸೀದಾ ಇಲ್ಲಿಗೆ ಬಂದ್ರೆ ಸಾಕು."

ಜಯಲಕ್ಷ್ಮಮ್ಮನ ಕಣ್ಣು ತುಂಬಿಬಂತು. "ನಿನ್ ಮೊದಲಾಳಿ ಎಂಥ ಧರ್ಮಾತ್ಮರಪ್ಪ," ಎಂದು ರಘುರಾಮನ ಬೆನ್ನು ತಟ್ಟಿ, ಕೆಸರಾದ ಕೈಯನ್ನು ಅವನ ಅಂಗಿಗೇ ಒರೆಸಿದರು. "ಗುರುವಾರ ಮಾತ್ರ ಸ್ವಲ್ಪ ಬೇಗ ಬಾ."