ಅತ್ತೆಯ ಮೂವತ್ತು ಸಾವಿರದ ಮೂವತ್ತೊಂದು

ನಮ್ಮ ಅತ್ತೆಗೆ ದೆವ್ವ ಹಿಡಿದಿರಲಿಲ್ಲ, ಒಂದು ಸಂಖ್ಯೆ ಹಿಡಿದಿತ್ತು! ದೆವ್ವವಾದರೆ ಬೇವಿನ ಸೊಪ್ಪಿಗೆ ಬಗ್ಗುತ್ತದೆ. ಮೂವತ್ತು ಸಾವಿರದ ಮೂವತ್ತೊಂದಕ್ಕೆ ಯಾರಿಂದ ಮಂತ್ರ ಹಾಕಿಸುವುದು ಹೇಳಿ?

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಚನ್ನಗಿರಿಯ ನಮ್ಮ ಮನೆಗೆ ಬಂದು, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು ಇಷ್ಟನ್ನೂ ಗುಣಿಸಿ ಒಂದು ಕೂಡಿಸಿದರೆ ಅವಳ ಸಂಖ್ಯೆ. ಈ ಆರರಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿದೇ ಉಳಿಯುತ್ತದೆ. ಹಾಗಾದರೆ ಶೇಷವಿಲ್ಲದೆ ಭಾಗಿಸುವಂಥದ್ದು ಬೇರೆ ಯಾವುದಾದರೂ ಇದೆಯೇ? ಇದು ಅತ್ತೆಯ ಪ್ರಶ್ನೆ. ತಾನೇ ಭಾಗಿಸಿ ನೋಡಲು ಇವಳಿಗೇನು ಧಾಡಿ? ಇದು ನಮ್ಮ ಪ್ರಶ್ನೆ. ಊಹೂಂ, ಸ್ಲೇಟನ್ನು ಅವಳು ಕೈಯಿಂದ ಮುಟ್ಟುತ್ತಲೇ ಇರಲಿಲ್ಲ. ಬಿಸಿ ಪಾತ್ರೆಯ ಹಾಗೆ ಇಕ್ಕಳದಲ್ಲಿ ಹಿಡಿದು ತಂದು ಎದುರಿಗಿಡುತ್ತಿದ್ದಳು.

ಯಾರ ಎದುರಿಗೆ? ನನ್ನನ್ನು ನೋಡಲು ಬಂದ ಗಂಡುಗಳ ಎದುರಿಗೆ!

ಹೊನ್ನಾಳಿಯವನು ಮೀಸೆ ತಿರುವಿ, "ಏಳರಿಂದ ಹೋಗ್ತೈತೆ ಬಿಡ್ರಿ" ಎಂದ.

"ಒಂದು ಉಳೀತಲ್ರೀ. ಅದನ್ನ ಗಂಟು ಕಟ್ಟಿ ಕೊಡ್ಲಾ, ಊರಿಗೆ ಒಯ್ಯಾಕೆ?" ಅಂದಳು ಅತ್ತೆ. ಗಂಡು ಉಪ್ಪಿಟ್ಟನ್ನೂ ಮುಗಿಸದೆ ಗಾಡಿ ಹತ್ತಿತು.

ಜಗಳೂರಿನವನು ಇನ್ನೂ ಜಾಣ. "ಇದನ್ನ ಯಾವುದೂ ಭಾಗಿಸಂಗಿಲ್ಲ" ಎಂದು ತೀರ್ಪೇ ಕೊಟ್ಟ.

"ಎಲ್ಲೀತನಕ ನೋಡಿದ್ರಿ?"

"ಹದಿಮೂರರ ತನಕ."

"ಹದಿಮೂರು ಮನೆ ಬಾಗಿಲು ಬಡಿದು, ಊರಾಗೆ ಯಾರೂ ಇಲ್ಲ ಅಂದಂಗಾತು!"

ಅಪ್ಪ ಅಂದು ಊಟ ಮಾಡಲಿಲ್ಲ. "ಅಕ್ಕಾ, ಯುದ್ಧದ ಕಾಲ, ಗಂಡು ಸಿಗೋದೇ ಕಷ್ಟ. ನ್ಯಾಮತಿಯೋರು ಬರ್ತಾರೆ. ಇದೂ ತಪ್ಪಿದ್ರೆ ಹುಡುಗಿ ಮನೇಲೇ ಉಳೀತಾಳೆ, ನೋಡ್ಕೋ" ಎಂದು ಕೈಮುಗಿದ. ಅತ್ತೆ ತಲೆಯಾಡಿಸಿದಳು. ನಾನಂತೂ ನಂಬಿದೆ!

ನ್ಯಾಮತಿಯವರು ಬಂದು ಕೂತರು. ಹಿಂದೆಯೇ ಇಕ್ಕಳವೂ ಬಂತು. ಅಪ್ಪ ಕಣ್ಣು ಮುಚ್ಚಿಕೊಂಡ.

ಆದರೆ ಈ ಗಂಡು ಬೇರೆ ಥರ. "ಗೊತ್ತಿಲ್ರೀ, ಮಾಡಿ ನೋಡ್ಬೇಕು" ಎಂದು ಬಳಪ ಕೇಳಿದ. ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳನ್ನೇ ಆರಿಸಿಕೊಂಡ: ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು... ಕಾಫಿ ಆರಿತು, ಅವನ ದೊಡ್ಡಪ್ಪ ಆಕಳಿಸಿದರು. ಐವತ್ತಮೂರೂ ಆಯಿತು, ಮೂವತ್ತಮೂರು ಉಳಿಯಿತು. ದೊಡ್ಡಪ್ಪ ಎದ್ದೇಬಿಟ್ಟರು. "ಏಳಪ್ಪಾ, ಹೆಣ್ಣು ನೋಡಾಕೆ ಬಂದೀವಿ, ಪರೀಕ್ಷೆ ಬರಿಯಾಕಲ್ಲ!"

ನನಗೆ ರೇಗಿತು. ಮದುವೆ ಹೋದರೆ ಹೋಗಲಿ, ಈ ಪೀಡೆಯಾದರೂ ತೊಲಗಲಿ ಎಂದು ಬಾಗಿಲ ಮರೆಯಿಂದ ನುಗ್ಗಿ ಸ್ಲೇಟು ಕಸಿದುಕೊಂಡೆ. ಮುಂದಿನದು ಐವತ್ತೊಂಬತ್ತು. ಐನೂರ ಒಂಬತ್ತು ಸಲ ಹೋಯಿತು. ಶೇಷ ಸೊನ್ನೆ!

"ಈ ಹುಡುಗೀನೇ ಆಗ್ಲಿ, ದೊಡ್ಡಪ್ಪಾ" ಎಂದಿತು ಗಂಡು. ನಾನು ಗೆದ್ದೆನೆಂದು ಅತ್ತೆಯ ಕಡೆ ತಿರುಗಿದೆ. ಅವಳು ನೆಲದ ಮೇಲೆ ಕೂತು ಅಳುತ್ತಿದ್ದಳು.

"ನಾನೂ ಐವತ್ತಮೂರರ ತನಕ ಬಂದಿದ್ದೆ ಕಣೇ. ಹತ್ತು ವರ್ಷ ನಂಗೆ. ಮದುವೆ ಗೊತ್ತಾತು. ಹೆಣ್ಣಿಗೆ ಲೆಕ್ಕ ಯಾಕೆ ಅಂತ ನಮ್ಮಪ್ಪ ಸ್ಲೇಟು ಕಸ್ಕೊಂಡು, ಇನ್ನು ಮುಟ್ಟಲ್ಲ ಅಂತ ತಮ್ಮ ತಲೆ ಮೇಲೆ ಕೈಯಿಡ್ಸಿ ಆಣೆ ಮಾಡ್ಸಿದ್ರು."

ಇನ್ನೊಂದೇ ಒಂದು ಮೆಟ್ಟಿಲು! ನಾನು ಇಕ್ಕಳವನ್ನು ಪಕ್ಕಕ್ಕೆ ಸರಿಸಿ ಸ್ಲೇಟನ್ನು ಅವಳ ಮುಂದೆ ಹಿಡಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಚಾಚಿದ ಕೈಯನ್ನು ಒಮ್ಮೆ ಹಿಂದೆ ತೆಗೆದುಕೊಂಡಳು.

"ನಮ್ಮಪ್ಪ ಬೈದ್ರೆ ಬೈಲಿ" ಎಂದು ಎರಡೂ ಕೈಯಲ್ಲಿ ಸ್ಲೇಟು ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು.