ಪಾಯಿಂಟಿನ ಮೇಲೆ ಭೂಪ್ರದಕ್ಷಿಣೆ

ಕಡಿಮೆ ಮಾತಾಡುವವನ ಬದುಕಿನಲ್ಲಿ ನಗುವ ಪ್ರಸಂಗಗಳೂ ಕಡಿಮೆ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ನಾವು ಬಾಯಿ ಮುಚ್ಚಿಕೊಂಡಷ್ಟೂ ಉಳಿದವರು ನಮ್ಮ ಪರವಾಗಿ ಮಾತಾಡುತ್ತಾರೆ. ಪ್ರಸಂಗಗಳು ತಾವಾಗಿಯೇ ಆಗುತ್ತ ಹೋಗುತ್ತವೆ.

ಚಿಕ್ಕೋಡಿಯ ಕಾಲೇಜೊಂದರಲ್ಲಿ ನಾನು ಗ್ರಂಥಪಾಲ. ಪ್ರವಾಸಕಥನಗಳ ಕಪಾಟು ನನ್ನ ಮೇಜಿನ ಹಿಂದೆಯೇ ಇದೆ. ಆ ಕಪಾಟನ್ನು ಓದಿ ಮುಗಿಸಿದವನಿಗೆ ಉಳಿದದ್ದು ಒಂದೇ ಆಸೆ: ಹೆಂಡತಿಯನ್ನು ಕರೆದುಕೊಂಡು ಒಮ್ಮೆ ಭೂಮಿಯನ್ನು ಪೂರ್ತಿ ಸುತ್ತಿ ಬರಬೇಕು. ಸಂಬಳದಲ್ಲಿ ಆಗುವ ಮಾತಲ್ಲ. ಆದರೆ ಬ್ಯಾಂಕಿನ ಕಾರ್ಡ್ ಉಜ್ಜಿದಾಗೆಲ್ಲ ಪಾಯಿಂಟ್ ಬರುತ್ತವೆ, ಪಾಯಿಂಟುಗಳನ್ನು ವಿಮಾನದ ಮೈಲಿಗಳಾಗಿ ಬದಲಿಸಿಕೊಳ್ಳಬಹುದು, ಮೈಲಿ ಸಾಕಷ್ಟಾದರೆ ಜಗತ್ತು ಸುತ್ತುವ ಟಿಕೆಟ್ಟೇ ಸಿಗುತ್ತದೆ ಎಂದು ಎಲ್ಲೋ ಓದಿದೆ. ಅಂದಿನಿಂದ ಪರಿಚಯದವರ ಖರೀದಿಯೆಲ್ಲ ನನ್ನ ಕಾರ್ಡಿನ ಮೇಲೆ. ಕಾಗವಾಡದ ಷಡ್ಡಕನ ದ್ರಾಕ್ಷಿ ತೋಟಕ್ಕೆ ತಂತಿ, ಅಥಣಿಯ ಗೆಳೆಯನ ಚಪ್ಪಲಿ ಅಂಗಡಿಗೆ ಚರ್ಮ, ಯಾರ ಮನೆಯದೋ ಫ್ರಿಜ್ಜು. ಅವರು ನನಗೆ ನಗದು ಕೊಡುತ್ತಿದ್ದರು, ನಾನು ಉಜ್ಜುತ್ತಿದ್ದೆ. ತೊಡಕು ಒಂದೇ. ಪಾಯಿಂಟುಗಳಿಗೆ ಅವಧಿ ಇತ್ತು. ನಾಲ್ಕನೆಯ ವರ್ಷದ ಆಗಸ್ಟ್ ಮುಗಿಯುವುದರೊಳಗೆ ಟಿಕೆಟ್ ಮಾಡಿಸದಿದ್ದರೆ ಕೂಡಿಸಿದ್ದೆಲ್ಲ ರದ್ದು.

ಕಾರ್ಡಿನಾಂವ

ನಮ್ಮ ಕಾಲೇಜಿನ ಸಿಪಾಯಿಯ ಮಗಳಿಗೆ ಮದುವೆ ಗೊತ್ತಾಯಿತು. ಎರಡೂ ಕಡೆಯ ಬೀಗರು ಕೂಡಿ ಜವಳಿ ತೆಗೆಯುವುದಕ್ಕೆ ನಮ್ಮಲ್ಲಿ ಬಸ್ತಾ ಎನ್ನುತ್ತಾರೆ. ಬಸ್ತಾ ನಿಪ್ಪಾಣಿಯ ಅಂಗಡಿಯಲ್ಲಿ. ಇಷ್ಟು ದೊಡ್ಡ ಬಿಲ್ಲು ಬಿಡಬಾರದೆಂದು ಸಿಪಾಯಿಯನ್ನು ಒಪ್ಪಿಸಿ, ನಾನೂ ಹೋಗಿ ಗಾದಿಯ ಮೂಲೆಯಲ್ಲಿ ಕೂತೆ.

ವರನ ಸೋದರಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವ್ ಹುಡುಗೀಗಿ ಏನಾಗಬೇಕ್ರಿ?"

"ಏನೂ ಇಲ್ರಿ. ನಾ ಕಾರ್ಡಿನಾಂವ."

"ಭಾಳ ಚಲೋ ಆತು! ನಾಳೆ ನಿಮ್ಮನ್ನ ಹುಡುಕ್ಕೊಂಡ ಬರಾವಿದ್ದೆ. ಪೆನ್ ಐತೇನ? ಬರಕೋರಿ."

ಕುಲದೇವರ ಪ್ರಸನ್ನದಿಂದ ಶುರುವಾಯಿತು. ವಧು, ವರ, ಮುಹೂರ್ತ, ಆಮೇಲೆ ಕಾಕಾ, ಮಾಮಾ, ಅತ್ತೆಯಂದಿರು. ಅರ್ಧ ಬಳಗ ಮಹಾರಾಷ್ಟ್ರದವರಾದ್ದರಿಂದ ಎಲ್ಲ ಮತ್ತೊಮ್ಮೆ ಮರಾಠಿಯಲ್ಲಿ. ನಾನು ಆ ಕಾರ್ಡಿನವನಲ್ಲ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಎರಡೂ ಸಲ ಅವರಿಗೆ ಇನ್ನೊಬ್ಬ ಕಾಕಾ ನೆನಪಾದ. ನಾನು ಬರೆದೆ.

ಕೊನೆಗೆ ಬಿಲ್ಲು ಬಂತು. ನಾನೆದ್ದು ಹೋಗಿ ಕಾರ್ಡ್ ಉಜ್ಜಿದೆ. ಸೋದರಮಾವ ಅದನ್ನು ನೋಡಿದವರೇ ಸಿಪಾಯಿಯ ಹೆಗಲ ಮೇಲೆ ಕೈ ಹಾಕಿದರು.

"ಬೀಗರ, ಎಂಥಾ ಊರ್ರಿ ನಿಮ್ದು! ಲಗ್ನದ ಕಾರ್ಡ್ ಛಾಪಸಾಂವ ಜವಳಿ ಬಿಲ್ ಕೊಟ್ಟಾ. ಅಡಗಿಯಾಂವನ್ನೂ ಕರಸ್ರಿ, ಅಂವ ಏನ್ ಕೊಡ್ತಾನ ನೋಡೂಣು."

ಮೈಲಿ ಬಂದಾವ

ನಮ್ಮ ಎದುರು ಮನೆಯಲ್ಲಿ ವಯಸ್ಸಾದ ಒಬ್ಬ ಹೆಣ್ಣುಮಗಳಿದ್ದಾರೆ. ಇಡೀ ಓಣಿಗೆ ಅವರು ಕಾಕು. ಅವರ ಕಾಲದವರಿಗೆ ಮೈಲಿ ಅಂದರೆ ದೂರವಲ್ಲ, ಮೈಮೇಲೆ ಏಳುವ ಸಿಡುಬು. ಇದು ನನ್ನ ಹೆಂಡತಿಗೆ ಹೊಳೆಯಲಿಲ್ಲ. ಮೈಲಿ ಭರ್ತಿಯಾದ ದಿನ ಸಂತೋಷ ತಡೆಯದೆ ಕಟ್ಟೆಯ ಮೇಲೆ ನಿಂತು ಹೇಳಿದಳು:

"ಕಾಕು, ನಮ್ಮವರಿಗೆ ಮೈಲಿ ಬಂದಾವ್ರಿ."

"ಅಯ್ಯ ಶಿವನ! ಯಾವಾಗಿಂದ?"

"ನಾಕ ವರ್ಷದಿಂದ ಒಂದೊಂದ ಬರಾಕತ್ತಿದ್ದು. ಈಗ ಭಾಳ ಆಗ್ಯಾವ."

"ನಾಕ ವರ್ಷ! ಯಾರಿಗೂ ತೋರಸಿಲ್ಲ?"

"ಬ್ಯಾಂಕಿನ್ಯಾಗ ತೋರಸ್ಯಾರ. ಇನ್ನ ಸ್ವಲ್ಪ ಬರಲಿ ಅಂದಿದ್ರಂತ."

ಸಂಜೆ ನಾನು ಮನೆಗೆ ಬಂದಾಗ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಕಾಕು ಮೊಸರನ್ನದ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. "ತಮ್ಮಾ, ಒಳಗ ಹೋಗೂದು ಆಮ್ಯಾಲ. ಮೊದಲ ಅಂಗಿ ತಗಿ, ನೋಡೂಣು."

ಓಣಿಯ ನಾಲ್ಕು ಮಂದಿ ಸೇರಿದ್ದರು. ವಿಷಯ ಬಿಡಿಸಿ ಹೇಳಲು ನನ್ನಂಥವನಿಗೆ ಅರ್ಧ ತಾಸು ಹಿಡಿಯಿತು. ಇವು ವಿಮಾನದ ಮೈಲಿ, ಮೈಮೇಲೆ ಏಳುವುದಿಲ್ಲ, ಮೊಬೈಲಿನಲ್ಲಿ ಏಳುತ್ತವೆ ಎಂದೆಲ್ಲ ಹೇಳಿದೆ. ಕಾಕು ಎಲ್ಲ ಕೇಳಿಸಿಕೊಂಡು ಕೊನೆಗೆ ಮೆಲ್ಲಗೆ ಕೇಳಿದರು:

"ಮತ್ತ ಹೇಣ್ತಿಗೂ ಹತ್ತತಾವೇನಪಾ?"

"ಹೂನ್ರಿ ಕಾಕು. ಇಬ್ಬರಿಗೂ ಸಾಕಾಗೂವಷ್ಟ ಅದಾವ."

ಅವರು ಮೊಸರನ್ನದ ಡಬ್ಬಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ಎಡಕ್ಕೋ ಬಲಕ್ಕೋ

ಜಗತ್ತು ಸುತ್ತುವ ಟಿಕೆಟ್ಟಿಗೆ ಒಂದು ಕಟ್ಟುನಿಟ್ಟು. ಪೂರ್ವಕ್ಕೆ ಹೊರಟರೆ ಕೊನೆಯವರೆಗೂ ಪೂರ್ವಕ್ಕೇ ಹೋಗಬೇಕು, ಪಶ್ಚಿಮಕ್ಕೆ ಹೊರಟರೆ ಪಶ್ಚಿಮಕ್ಕೇ. ನಡುವೆ ತಿರುಗುವಂತಿಲ್ಲ. ಯಾವ ಕಡೆ ಎಂದು ನಾನು ಲೆಕ್ಕ ಹಾಕುತ್ತಿದ್ದಾಗ ಕಾಕು ಬಂದು, ಇದರಲ್ಲಿ ಲೆಕ್ಕವೇನು ಬಂತು ಎಂದರು.

"ಭೂಮಿತಾಯಿನ್ನ ಸುತ್ತಾವ್ರು ನೀವು. ಪ್ರದಕ್ಷಿಣಿ ಅಂದ ಮ್ಯಾಲ ದೇವರು ಬಲಗಡೆ ಇರಬೇಕು."

ತೀರ್ಪು ಕೊಡಲು ನಮ್ಮ ಕಾಲೇಜಿನ ಭೂಗೋಳದ ಪ್ರಾಧ್ಯಾಪಕರನ್ನು ಕರೆಸಿದೆವು. ಅವರು ಗೋಳವನ್ನು ಕಂಕುಳಲ್ಲಿಟ್ಟುಕೊಂಡು ಬಂದರು.

"ಕಾಕು, ಭೂಮಿ ಬಲಕ್ಕೂ ಇರೂದಿಲ್ಲ, ಎಡಕ್ಕೂ ಇರೂದಿಲ್ಲ. ಕಾಲಾಗ ಇರತೈತ್ರಿ."

"ಹಂಗಾರ ವಿಮಾನಾ ಒಂದೀಟ ವಾಲಿಸಿ ಹೊಡಿ ಅಂತ ಹೇಳ್ರಿ."

ಪ್ರಾಧ್ಯಾಪಕರು ಬಹಳ ಹೊತ್ತು ಗೋಳ ತಿರುಗಿಸಿದರು. ಉತ್ತರ ಧ್ರುವದ ಮೇಲಿಂದ ನೋಡಿದರೆ ಪಶ್ಚಿಮಕ್ಕೆ ಹೋಗುವುದೇ ಗಡಿಯಾರದ ಮುಳ್ಳಿನಂತೆ ಎಂದು ಕಾಕುಗೆ ಸಮಾಧಾನ ಹೇಳಿದರು. ಅಲ್ಲಿಗೆ ಬಿಡದೆ ಇನ್ನೂ ಒಂದು ಮಾತು ಸೇರಿಸಿದರು. ಪೂರ್ವಕ್ಕೆ ಹೋದರೆ ಮಹಾಸಾಗರದ ನಡುವಿನ ದಿನಾಂಕ ರೇಖೆ ದಾಟುವಾಗ ಒಂದೇ ದಿನ ಎರಡು ಸಲ ಬರುತ್ತದೆ, ಪಶ್ಚಿಮಕ್ಕೆ ಹೋದರೆ ಒಂದು ದಿನ ಮಾಯವಾಗುತ್ತದೆ.

ನನ್ನ ಹೆಂಡತಿ ಮದುವೆಯಾದಂದಿನಿಂದ ಸೋಮವಾರ ಉಪವಾಸ ಮಾಡುವವಳು. ಅವಳ ಕಿವಿ ನೆಟ್ಟಗಾಯಿತು. "ಸರ, ಮಾಯ ಆಗೂ ದಿನಾ ಯಾವ್ದು ಅಂತ ನಾವ ಆರಸಬಹುದೇನ್ರಿ?"

"ಟಿಕೆಟ್ ತಗಿಸಿದಂಗ ಐತ್ರಿ ಅದು."

"ಹಂಗಾರ ಪಶ್ಚಿಮಕ್ಕ. ಸೋಮವಾರ."

ಕಾಕು ಎದೆಯ ಮೇಲೆ ಕೈ ಇಟ್ಟುಕೊಂಡರು. "ಸೋಮವಾರ ಬಿಟ್ರ ಈಶ್ವರ ಏನ್ ಅಂದಾನು?"

"ನಾ ಎಲ್ಲಿ ಬಿಟ್ಟೆ ಕಾಕು? ಅದ ಬರಲಿಲ್ಲ."

ಸತ್ಕಾರ

ಈ ಚರ್ಚೆಯಲ್ಲೇ ಎರಡು ವಾರ ಕಳೆದವು. ಅಷ್ಟರಲ್ಲಿ ಪ್ರಾಧ್ಯಾಪಕರು ಸ್ಟಾಫ್ ರೂಮಿನಲ್ಲಿ ಸುದ್ದಿ ಬಿಟ್ಟಿದ್ದರು. ನಮ್ಮ ಕಡೆ ಮನುಷ್ಯ ಏನಾದರೂ ಮಾಡಿದರೆ ಸತ್ಕಾರ, ಮಾಡುತ್ತೇನೆಂದರೂ ಸತ್ಕಾರ.

"ಟಿಕೆಟ್ ಆದ ಮ್ಯಾಲ ಇಟ್ಟುಕೊಳ್ಳೂಣ್ರಿ" ಎಂದೆ.

"ಫ್ಲೆಕ್ಸ್ ಛಾಪ್ ಆಗಿ ಬಂದೈತ್ರಿ" ಎಂದರು ಪ್ರಾಧ್ಯಾಪಕರು.

ಬಸ್ ಸ್ಟ್ಯಾಂಡಿನ ಎದುರು ನನ್ನ ಪಾಸ್‌ಪೋರ್ಟಿನ ಫೋಟೋ ಆಳೆತ್ತರವಾಗಿ ನಿಂತಿತು. ಮೇಲೊಂದು ವಿಮಾನ, ಕೆಳಗೆ 'ದೀಪಾವಳಿ ರಜೆಯಲ್ಲಿ ವಿಶ್ವಪರ್ಯಟನೆಗೆ ತೆರಳಲಿರುವ' ಎಂಬ ದಪ್ಪಕ್ಷರ. ಯಾರೋ ಅಭಿಮಾನದಿಂದ ಹೂವಿನ ಹಾರವನ್ನೂ ಹಾಕಿದ್ದರು. ಬಸ್ಸಿಳಿದ ಹಳ್ಳಿಯವರು ತೆರಳಿದ್ದನ್ನಷ್ಟೇ ಓದಿಕೊಂಡು ಕೈಮುಗಿದು ಹೋಗುತ್ತಿದ್ದರು.

ಶನಿವಾರ ಶಾಲು, ತೆಂಗಿನಕಾಯಿ, ತಲೆಗೆ ಫೇಟಾ. "ಇಂಥ ಶಾಂತ ಸ್ವಭಾವದವರು ನಮ್ಮ ನಡುವೆ ಇದ್ದರು" ಎಂದು ಪ್ರಿನ್ಸಿಪಾಲರು ಕಣ್ಣೊರೆಸಿಕೊಂಡರು. ಈಗ ಹೋಗದೆ ಬೇರೆ ದಾರಿಯೇ ಇರಲಿಲ್ಲ.

ಮರುದಿನ ಭಾನುವಾರ, ಅವಧಿಯ ಕೊನೆಯ ದಿನ. ಟಿಕೆಟ್ ಮಾಡಿಸಲು ಫೋನ್ ಎತ್ತಿಕೊಂಡೆ. ಹೆಂಡತಿ ಅದನ್ನು ಕೈಯಿಂದ ಕಸಿದಳು.

"ಇವತ್ತ ಅಮಾಸಿ. ಅಮಾಸಿ ದಿನಾ ಯಾರರ ಪ್ರವಾಸಕ್ಕ ಹೊಂಡತಾರೇನು?"

"ಹೊಂಡೂದು ದೀಪಾವಳಿಗೆ. ಇವತ್ತ ಬರೇ ಟಿಕೆಟ್."

"ಎರಡಕ್ಕೂ ಮುಹೂರ್ತ ಒಂದ. ನಾಳೆ ಪಾಡ್ಯ, ಮುಂಜಾನೆ ಎದ್ದ ಕೂಡಲೆ ಮಾಡ್ರಿ. ಒಂದ ದಿನಕ್ಕ ಯಾರೇನ್ ಅನ್ನೂದಿಲ್ಲ."

ಪಾಡ್ಯದ ಬೆಳಿಗ್ಗೆ ವಿಮಾನ ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ, ನಿನ್ನೆ ಹಗಲೆಲ್ಲ ಸೀಟು ಖಾಲಿ ಇದ್ದವು ಸರ್, ಈಗ ನಿಮ್ಮ ಖಾತೆ ಸೊನ್ನೆಯಾಗಿದೆ ಎಂದಳು.

"ಕೊನೆಯದಾಗಿ, ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಪಾಯಿಂಟ್ ಕೊಡ್ತೀರಿ ಸರ್?"

"ನನ್ನ ಕಡೆ ಒಂದೂ ಉಳದಿಲ್ಲವಾ" ಎಂದೆ.

ಮುಗಳಖೋಡ

ನಿಜ ಹೇಳಿಬಿಡಬೇಕೆಂದು ಎರಡು ತಿಂಗಳು ಯೋಚಿಸಿದೆ. ಆದರೆ ಫ್ಲೆಕ್ಸಿನ್ನೂ ನಿಂತೇ ಇತ್ತು, ಫೇಟಾ ಗೂಟಕ್ಕೆ ನೇತಾಡುತ್ತಿತ್ತು, ಪ್ರಿನ್ಸಿಪಾಲರು ಲಂಡನ್ನಿನಿಂದ ತಮಗೊಂದು ಛತ್ರಿ ತರಲು ಹೇಳಿದ್ದರು. ದೀಪಾವಳಿ ರಜೆ ಬಂತು. ಸ್ಟಾಫೆಲ್ಲ ಬಂದು, ನಮ್ಮ ಸೂಟ್‌ಕೇಸು ಎತ್ತಿ, ಬೆಳಗಾವಿ ಬಸ್ಸಿನಲ್ಲಿ ಕೂರಿಸಿ ಕೈ ಬೀಸಿದರು. ನಾವು ಮುಂದಿನ ಊರಲ್ಲಿ ಇಳಿದು, ಬಸ್ಸು ಬದಲಿಸಿ, ಮುಗಳಖೋಡದ ನಾದಿನಿಯ ಮನೆ ಸೇರಿದೆವು. ಮೂರು ವಾರ ಅಲ್ಲೇ ಬಾಗಿಲು ಮುಂದೆ ಮಾಡಿಕೊಂಡು ಇದ್ದುಬಿಡುವುದು, ಆಮೇಲೆ ಊರಿಗೆ ಹೋಗಿ, ಕೇಳಿದವರಿಗೆ ಕಪಾಟಿನಲ್ಲಿ ಓದಿದ್ದನ್ನು ಹೇಳುವುದು. ಇದು ಹೆಂಡತಿಯ ಏರ್ಪಾಡು.

ನಾಲ್ಕು ದಿನ ಸುಸೂತ್ರವಾಗಿ ಕಳೆಯಿತು. ಐದನೆಯ ದಿನ ಸಂತೆ. ಎಳೆ ಬದನೆಕಾಯಿ ಬಂದಿವೆ ಎಂದು ಕೇಳಿ ಹೆಂಡತಿ ತಡೆಯಲಾರದೆ ನನ್ನ ಕೈಗೆ ಚೀಲ ಕೊಟ್ಟು ತಾನೂ ಜೊತೆಗೆ ಹೊರಟಳು. ಬದನೆಕಾಯಿ ತೂಗಿಸಿ, ಮೆಂತ್ಯದ ಸಿವುಡು ಕಂಕುಳಲ್ಲಿಟ್ಟುಕೊಂಡು ತಿರುಗಿದರೆ ಎದುರಿಗೆ ಭೂಗೋಳದ ಪ್ರಾಧ್ಯಾಪಕರು. ಹಬ್ಬಕ್ಕೆ ಮಾವನ ಮನೆಗೆ ಬಂದಿದ್ದರಂತೆ. ಅವರ ಮಾವನ ಮನೆ ಮುಗಳಖೋಡವೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿದವನಲ್ಲ.

ಅವರು ಚೀಲ ನೋಡಿದರು. ಮೆಂತ್ಯ ನೋಡಿದರು. ನನ್ನ ಮುಖ ನೋಡಿದರು.

"ಸರ, ನೀವ ಇವತ್ತ ಲಂಡನ್ನಿನ್ಯಾಗ ಇರಬೇಕಾಗಿತ್ತಲ್ರಿ?"

ಹೆಂಡತಿ ಮುಂದೆ ಬಂದಳು.

"ವಿಮಾನ ಬದಲಿ ಮಾಡಾಕ ಇಳದೇವ್ರಿ."

"ಮುಗಳಖೋಡದಾಗ?"

"ಹೂನ್ರಿ. ಇಲ್ಲಿ ಸ್ವಲ್ಪ ನಿಲ್ಲತೈತಂತ."

ಪ್ರಾಧ್ಯಾಪಕರು ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಹಂಗಾರ ಮುಂದಿನ ವಿಮಾನ ಎಷ್ಟಕ್ಕರಿ?"

ಈಗ ನಾನೇ ಮಾತಾಡಬೇಕಾಗಿತ್ತು. ನನಗೆ ಗೊತ್ತಿದ್ದ ವೇಳಾಪಟ್ಟಿ ಒಂದೇ, ಚಿಕ್ಕೋಡಿ ಬಸ್ಸಿನದು.

"ನಾಕೂವರೀಗ್ರಿ. ರಾಯಬಾಗ ಮ್ಯಾಲೆ ಹೋಗತೈತಿ."

ಅವರು ತಲೆ ಎತ್ತಿ ರಾಯಬಾಗದ ಕಡೆಯ ಆಕಾಶವನ್ನು ನೋಡಿದರು. ನಾನೂ ನೋಡಿದೆ. ಆಮೇಲೆ ಅವರು, ಮುಖದ ಒಂದು ಗೆರೆಯೂ ಅಲುಗದಂತೆ, ನನ್ನ ಕೈಯಿಂದ ಬದನೆಕಾಯಿಯ ಚೀಲ ಇಸಿದುಕೊಂಡರು.

"ನಡೀರಿ ಸರ, ಆ ವಿಮಾನ ಭಾಳ ಗದ್ದಲ ಇರತೈತಿ. ಕಂಡಕ್ಟರ್ ನನ್ನ ಹಳೇ ವಿದ್ಯಾರ್ಥಿ ಅದಾನ, ಕಿಡಕಿ ಸೀಟ್ ಹಿಡಸ್ತೀನಿ."